ಖಾಲಿ ಕಂಟೇನರ್, ಆಷಾಢದ ಅಡ್ಡಗಾಳಿ

ಪ್ರಶ್ನೆ: ನಾನು ಕುಶಾಲನಗರದವನು. ಹದಿನಾಲ್ಕು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಕಾಫಿ ಲೋಡು ಹಾಕಿಕೊಂಡು ಸಂಪಾಜೆ ಘಾಟಿ ಇಳಿದು ಪಳಗಿದ ಕೈ. ಎರಡು ವರ್ಷಗಳ ಹಿಂದೆ 32 ಅಡಿಯ ಕಂಟೇನರ್ ಗಾಡಿ ಕೊಂಡು ಪುಣೆ ಲೈನಿಗೆ ಹಾಕಿದೆ. ಕಳೆದ ಆಷಾಢದಲ್ಲಿ ಖಾಲಿ ಗಾಡಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುವಾಗ, ಒಂದು ಮೇಲ್ಸೇತುವೆ ಏರುತ್ತಿದ್ದಂತೆ ಎಡಗಡೆಯಿಂದ ಗಾಳಿ ಹೊಡೆದು ಗಾಡಿ ಬಲಗಡೆಯ ಲೇನಿಗೇ ಸರಿಯಿತು. ಗಾಬರಿಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಗಾಡಿ ಇನ್ನಷ್ಟು ಬಲಕ್ಕೆ ವಾಲಿ, ಎಡಗಡೆಯ ಹಿಂಗಾಲಿ ನೆಲ ಬಿಟ್ಟಂತೆ ಅನ್ನಿಸಿತು. ಇಂಥ ಗಾಳಿಯಲ್ಲಿ ನಿಧಾನವಾಗಿ ಹೋಗಬೇಕೋ, ಬೇಗ ದಾಟಿಬಿಡಬೇಕೋ? ಹಿಂಬಾಗಿಲು ತೆರೆದಿಟ್ಟರೆ ಗಾಳಿ ಹಾದುಹೋಗುತ್ತದೆ ಎನ್ನುತ್ತಾರೆ, ನಿಜವೇ? ಮರಳಿನ ಮೂಟೆ ಹಾಕಿಕೊಳ್ಳಬಹುದೇ? ಸ್ಕಾಟ್ಲೆಂಡಿನಲ್ಲಿರುವ ನನ್ನ ಭಾವಮೈದುನ, ಅಲ್ಲಿ ಗಾಳಿ ಜೋರಾದರೆ ಸೇತುವೆಯನ್ನೇ ಮುಚ್ಚುತ್ತಾರೆ ಎನ್ನುತ್ತಾನೆ. ನಮ್ಮಲ್ಲಿ ಅಂಥದ್ದೇನೂ ಇಲ್ಲವೇ?

ಉತ್ತರ: ಎಡಕ್ಕೆ ಎಳೆದಾಗ ಗಾಡಿ ಇನ್ನಷ್ಟು ಬಲಕ್ಕೆ ವಾಲಿತು ಎಂದು ಬರೆದಿದ್ದೀರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಮಾತಿನ ಮೇಲೆ. ಅದು ನಿಮ್ಮ ಭ್ರಮೆಯಲ್ಲ, ಗಾಡಿಯ ದೋಷವೂ ಅಲ್ಲ. ಯಾವುದೇ ವಾಹನವನ್ನು ಎಡಕ್ಕೆ ತಿರುಗಿಸಿದಾಗ ಅದರ ಮೈ ಬಲಕ್ಕೆ ವಾಲುತ್ತದೆ. ಘಾಟಿಯ ತಿರುವುಗಳಲ್ಲಿ ನೀವು ದಿನವೂ ಕಂಡದ್ದೇ ಇದು. ಆ ದಿನ ಗಾಳಿ ಎಡದಿಂದ ಬಲಕ್ಕೆ ದೂಡುತ್ತಿತ್ತು, ನೀವು ಎಡಕ್ಕೆ ಸೆಳೆದ ಕೂಡಲೇ ತಿರುವಿನ ಎಸೆತವೂ ಬಲಕ್ಕೇ ಸೇರಿಕೊಂಡಿತು. ಎರಡೂ ಒಂದೇ ದಿಕ್ಕಿಗೆ ಕೂಡಿದ್ದರಿಂದ ಗಾಲಿಯ ಭಾರ ಕಳಚಿತು. ಅಡ್ಡಗಾಳಿಯಲ್ಲಿ ಮಗುಚುವ ಎಷ್ಟೋ ಲಾರಿಗಳನ್ನು ಕೊನೆಗೆ ಮಗುಚಿಸುವುದು ಚಾಲಕನ ಈ ಎಳೆತವೇ, ಗಾಳಿ ಅರ್ಧ ಕೆಲಸವನ್ನಷ್ಟೇ ಮಾಡಿರುತ್ತದೆ. ಹಾಗೆಂದು ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಗಾಡಿ ಬಲಕ್ಕೆ ಹೋದರೆ ಕೈ ತಾನಾಗಿ ಎಡಕ್ಕೆ ಹೋಗುತ್ತದೆ, ಆ ಕ್ಷಣದಲ್ಲಿ ಯೋಚನೆಗೆ ಸಮಯವಿರುವುದಿಲ್ಲ.

ನೀವು ಹದಿನಾಲ್ಕು ವರ್ಷ ಗಾಡಿ ಓಡಿಸಿಯೂ ಇಂಥ ಹೊಡೆತಕ್ಕೆ ಸಿಕ್ಕಿಕೊಳ್ಳದೆ, ಬಯಲುಸೀಮೆಗೆ ಹೋದ ಎರಡನೆಯ ವರ್ಷವೇ ಸಿಕ್ಕಿಕೊಂಡದ್ದಕ್ಕೂ ಕಾರಣವಿದೆ. ಕೊಡಗಿನಲ್ಲಿ ಗಾಳಿಯಿಲ್ಲ ಎಂದು ಯಾರೂ ಹೇಳಲಾರರು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಸೋಮವಾರಪೇಟೆಯ ಕಡೆಯಾಗಲಿ, ಭಾಗಮಂಡಲದ ಕಡೆಯಾಗಲಿ ಒಂದು ರಾತ್ರಿ ಕಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ನಮ್ಮ ರಸ್ತೆಗಳ ಒಂದು ಬದಿಗೆ ಬರೆ, ಅಂದರೆ ಕಡಿದ ಗುಡ್ಡದ ಗೋಡೆ, ಇನ್ನೊಂದು ಬದಿಗೆ ತೋಟ. ತೋಟದಂಚಿಗೆ ಸಾಲು ಸಿಲ್ವರ್ ಓಕ್. ಗಾಳಿಯ ಹೊಡೆತವನ್ನು ಮರದ ತುದಿಗಳು ತಿನ್ನುತ್ತವೆ, ಕೆಳಗೆ ಲಾರಿಗೆ ತಲುಪುವುದು ಅದರ ಎಂಜಲು. ಆದ್ದರಿಂದ ಕೊಡಗಿನ ಚಾಲಕ ಗಾಳಿ ಬಂದರೆ ತಲೆ ಎತ್ತಿ ಮೇಲೆ ನೋಡುತ್ತಾನೆ: ಕೊಂಬೆ ಬೀಳುತ್ತದೆಯೇ, ತಂತಿ ಹರಿಯುತ್ತದೆಯೇ, ಮರ ಅಡ್ಡ ಬೀಳುತ್ತದೆಯೇ ಎಂದು. ನಮ್ಮಲ್ಲಿ ಅದೇ ಸರಿಯಾದ ಅಭ್ಯಾಸ. ಬಯಲಿನ ಗಾಳಿಯಾದರೋ ಬೀಳಿಸುವುದು ಮರವನ್ನಲ್ಲ, ಲಾರಿಯನ್ನೇ. ಅಲ್ಲಿ ಪಕ್ಕಕ್ಕೆ ನೋಡಬೇಕು.

ಇದಕ್ಕೆ ರಸ್ತೆಯ ದಿಕ್ಕನ್ನೂ ಸೇರಿಸಿಕೊಳ್ಳಿ. ಕುಶಾಲನಗರದಿಂದ ಪಿರಿಯಾಪಟ್ಟಣ, ಹುಣಸೂರಿನ ಮೇಲೆ ಮೈಸೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತದೆ. ಮುಂಗಾರಿನ ಗಾಳಿ ಬೀಸುವುದೂ ಪಶ್ಚಿಮ ಮತ್ತು ನೈಋತ್ಯದಿಂದ. ಬೈಲುಕುಪ್ಪೆ ದಾಟಿದ ಮೇಲಿನ ತೆರೆದ ಹೊಲಗಳ ನಡುವೆ ಗಾಳಿ ಎಷ್ಟೇ ಇದ್ದರೂ ಹೋಗುವಾಗ ಅದು ನಿಮ್ಮ ಬೆನ್ನಿಗೆ, ಬರುವಾಗ ಮುಖಕ್ಕೆ. ಬೆನ್ನಿನ ಗಾಳಿ ಡೀಸೆಲ್ ಉಳಿಸುತ್ತದೆ, ಮುಖದ ಗಾಳಿ ಡೀಸೆಲ್ ಕುಡಿಯುತ್ತದೆ, ಎರಡೂ ಗಾಡಿಯನ್ನು ಮಗುಚುವುದಿಲ್ಲ. ಆದರೆ ಬೆಂಗಳೂರು–ಪುಣೆ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48, ಹಿರಿಯೂರಿನಿಂದ ಚಿತ್ರದುರ್ಗಕ್ಕೆ ವಾಯವ್ಯ ದಿಕ್ಕಿಗೆ ಹೋಗುತ್ತದೆ. ನೈಋತ್ಯದ ಗಾಳಿಗೆ ಅದು ನೇರ ಅಡ್ಡ. ಆ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಸುಮ್ಮನಲ್ಲ. ಗಾಳಿ ಅಲ್ಲಿ ಮಾರಾಟಕ್ಕೆ ಸಿಗುವಷ್ಟಿದೆ. ಪುಣೆಗೆ ಹೋಗುವಾಗ ಅದು ನಿಮ್ಮನ್ನು ಎಡದಿಂದ ದೂಡಿ ಡಿವೈಡರಿನ ಕಡೆಗೆ, ವೇಗವಾಗಿ ಮುಂದೆ ಹೋಗುವ ಬಸ್ಸುಗಳ ಲೇನಿಗೆ ತಳ್ಳುತ್ತದೆ. ವಾಪಸಾಗುವಾಗ ಬಲದಿಂದ ದೂಡಿ ರಸ್ತೆಯ ಅಂಚಿಗೆ ತಳ್ಳುತ್ತದೆ. ನನ್ನನ್ನು ಕೇಳಿದರೆ ಹೋಗುವಾಗಿನ ತಳ್ಳಾಟವೇ ಹೆಚ್ಚು ಅಪಾಯದ್ದು.

ಈಗ ಸ್ವಲ್ಪ ಲೆಕ್ಕ. ನಿಮ್ಮ ಗಾಡಿಯ ಬಾಡಿ 32 ಅಡಿ ಉದ್ದ, ಸುಮಾರು ಎಂಟು ಅಡಿ ಎತ್ತರ. ಪಕ್ಕದ ಗೋಡೆ ಹತ್ತಿರ ಹತ್ತಿರ 24 ಚದರ ಮೀಟರ್. ಗಂಟೆಗೆ 40 ಕಿ.ಮೀ. ವೇಗದ ಅಡ್ಡಗಾಳಿ ಆ ಗೋಡೆಯನ್ನು ಸುಮಾರು 220 ಕಿಲೋ ತೂಕದಷ್ಟು ಬಲದಿಂದ ನೂಕುತ್ತದೆ. ಗಾಳಿ 60 ಆದರೆ ಅದು ಅರ್ಧ ಟನ್ನಿನ ಹತ್ತಿರ ಬರುತ್ತದೆ, 80 ಆದರೆ 870 ಕಿಲೋ ಆಸುಪಾಸು. ಗಾಳಿಯ ವೇಗ ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುತ್ತದೆ. ಈ ಒಂದು ಸೂತ್ರವನ್ನು ಮರೆಯದಿದ್ದರೆ ಸಾಕು. ಈ ನೂಕು ಬೀಳುವುದು ಬಾಡಿಯ ನಡುಮಟ್ಟಕ್ಕೆ, ಅಂದರೆ ರಸ್ತೆಯಿಂದ ಎರಡೂವರೆ ಮೀಟರ್ ಎತ್ತರದಲ್ಲಿ. ಬಾಗಿಲನ್ನು ಹಿಡಿಯ ಬಳಿ ತಳ್ಳಿದಂತಲ್ಲ ಅದು, ಬೀರುವಿನ ತಲೆ ಹಿಡಿದು ತಳ್ಳಿದಂತೆ. ಎರಡು ಆಕ್ಸಲಿನ ಇಂಥ ಗಾಡಿ ಖಾಲಿಯಿದ್ದಾಗ ಏಳೆಂಟು ಟನ್ ತೂಗುತ್ತದೆ, ಒಂದೊಂದು ಬದಿಯ ಗಾಲಿಗಳ ಮೇಲೆ ನಾಲ್ಕು ಟನ್ನಿನೊಳಗೆ ಭಾರವಿರುತ್ತದೆ. 80ರ ಗಾಳಿ ಗಾಳಿಬದಿಯ ಗಾಲಿಗಳಿಂದ ಒಂದು ಟನ್ನಿಗೂ ಸ್ವಲ್ಪ ಹೆಚ್ಚು ಭಾರವನ್ನು ಎತ್ತಿ ಆಚೆ ಬದಿಗೆ ಹಾಕಿಬಿಡುತ್ತದೆ. ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಇದರ ಮೇಲೆ ಸ್ಪ್ರಿಂಗಿನ ತೂಗಾಟ, ರಸ್ತೆಯ ಓರೆ, ನಿಮ್ಮ ಎಡಕ್ಕೆಳೆದ ಸ್ಟೇರಿಂಗು ಸೇರಿದರೆ ಉಳಿದದ್ದೂ ಹೋಗಲು ಹೆಚ್ಚು ಹೊತ್ತು ಬೇಡ. ಅದೇ ಗಾಡಿ ಲೋಡಾಗಿ 18.5 ಟನ್ ತೂಗುವಾಗ ಅಷ್ಟೇ ಗಾಳಿ ಹೊಡೆದರೆ, ನೀವು ಒಮ್ಮೆ ಗಾಳಿಯನ್ನು ಬೈದು ಮುಂದೆ ಹೋಗುತ್ತಿದ್ದಿರಿ.

ಹಾಗಾದರೆ ಖಾಲಿ ಗಾಡಿಯೇ ಅತಿ ಕೆಟ್ಟದ್ದೇ ಎಂದರೆ, ಅದಕ್ಕಿಂತ ಕೆಟ್ಟದ್ದು ಒಂದಿದೆ: ಹಗುರ ಸರಕನ್ನು ಎತ್ತರಕ್ಕೆ ಪೇರಿಸಿದ ಗಾಡಿ. ದಾವಣಗೆರೆಯ ಮಂಡಕ್ಕಿ, ಸ್ಪಂಜಿನ ಹಾಸಿಗೆ, ನಮ್ಮಲ್ಲಿನ ಕಾಫಿ ಹೊಟ್ಟು ಇವೆಲ್ಲ ಆ ಜಾತಿಯವು. ತೂಕ ಖಾಲಿ ಗಾಡಿಗಿಂತ ತುಸು ಹೆಚ್ಚು, ಗಾಳಿಗೆ ಒಡ್ಡುವ ಮೈ ಮಾತ್ರ ಒಂದೂವರೆಯಷ್ಟು. ಬಹಳ ಹಿಂದೆ ಒಂದು ಕಾಫಿ ಕ್ಯೂರಿಂಗ್ ಘಟಕದಿಂದ ಹೊಟ್ಟು ತುಂಬಿಸಿಕೊಂಡು ಹೊರಟ ಲಾರಿಯಲ್ಲಿ ನಾನೂ ಕುಳಿತಿದ್ದೆ. ಮೂಟೆಗಳನ್ನು ಕ್ಯಾಬಿನ್ನಿನ ಮೇಲಕ್ಕೂ ಚಾಚಿ ಪೇರಿಸಿ, ಟಾರ್ಪಾಲು ಹೊದೆಸಿ, ಹಗ್ಗ ಬಿಗಿದಿದ್ದರು. ಹುಣಸೂರು ದಾಟಿದ ಮೇಲೆ ಟಾರ್ಪಾಲಿನ ಒಂದು ಮೂಲೆಯ ಹಗ್ಗ ಸಡಿಲಾಯಿತು. ಮೊದಲು ಪಟಪಟ ಎಂಬ ಸದ್ದು, ಆಮೇಲೆ ಯಾರೋ ಬಡಿಗೆಯಿಂದ ಬಾಡಿಗೆ ಹೊಡೆದಂತೆ ಧಡ್ ಧಡ್. ಕ್ಲೀನರ್ ಹುಡುಗ ಕಿಟಕಿಯಿಂದ ತಲೆ ಹಾಕಿ, ‘ಅಣ್ಣಾ, ಉಬ್ಬಿಕೊಂಡಿದೆ’ ಎಂದ. ಕನ್ನಡಿಯಲ್ಲಿ ನೋಡಿದರೆ ಟಾರ್ಪಾಲು ಒಳಗೆ ಗಾಳಿ ತುಂಬಿಕೊಂಡು ಹಾಯಿಯ ಹಾಗೆ ನಿಂತಿತ್ತು, ಗಾಡಿ ಆ ಕಡೆಗೇ ವಾಲಿಕೊಂಡು ಓಡುತ್ತಿತ್ತು. ಚಾಲಕ ಬ್ರೇಕ್ ಹಾಕಲಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ, ಗಾಡಿ ತಾನಾಗಿ ಸೋಲುವವರೆಗೆ ಕಾದು, ಹೊಗೆಸೊಪ್ಪು ಒಣಗಿಸುವ ಒಂದು ಬ್ಯಾರನ್ನಿನ ಮರೆಗೆ ತಂದು ನಿಲ್ಲಿಸಿದ. ಅಡ್ಡಗಾಳಿಯ ವಿಷಯದಲ್ಲಿ ನಾನು ಮುಂದೆ ಚಾಲಕರಿಗೆ ಹೇಳಿಕೊಟ್ಟದ್ದರಲ್ಲಿ ಅರ್ಧವನ್ನು ಆ ಹತ್ತು ನಿಮಿಷದಲ್ಲೇ ಕಲಿತಿದ್ದೆ.

ನಿಧಾನವೋ ವೇಗವೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ನಿಧಾನವೇ, ಅದರಲ್ಲಿ ಎರಡು ಮಾತಿಲ್ಲ. ‘ಬೇಗ ದಾಟಿಬಿಡೋಣ’ ಎಂಬುದು ಮಳೆಗೆ ಸಿಕ್ಕಿದವನ ತರ್ಕ, ಗಾಳಿಗೆ ಅದು ಹೊಂದುವುದಿಲ್ಲ. ಗಾಡಿಯ ಮೇಲೆ ಬೀಳುವ ಗಾಳಿಯೆಂದರೆ ಅಡ್ಡಗಾಳಿ ಮತ್ತು ನಿಮ್ಮ ಓಟದಿಂದ ಹುಟ್ಟುವ ಎದುರುಗಾಳಿ ಎರಡೂ ಕೂಡಿದ್ದು. ಅಡ್ಡಗಾಳಿ 60 ಇದ್ದು ನೀವು 70ರಲ್ಲಿ ಹೋಗುತ್ತಿದ್ದರೆ ಬಾಡಿಗೆ ತಗಲುವುದು ಓರೆಯಾಗಿ ಬರುವ 92ರ ಗಾಳಿ. ನೀವು 40ಕ್ಕೆ ಇಳಿದರೆ ಅದು 72. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕೈಗೆ ಸಿಗುವ ಸಮಯ. 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ, 40ರಲ್ಲಿ 11 ಮೀಟರ್. ಅದೇ ಸ್ಟೇರಿಂಗ್ ತಪ್ಪು 40ರಲ್ಲಿ ಗಾಡಿಯನ್ನು ಅಲುಗಿಸುತ್ತದೆ, 80ರಲ್ಲಿ ಮಗುಚುತ್ತದೆ, ಏಕೆಂದರೆ ತಿರುವಿನ ಎಸೆತವೂ ವೇಗ ಇಮ್ಮಡಿಯಾದರೆ ನಾಲ್ಮಡಿಯಾಗುವಂಥದ್ದು. ಚತುಷ್ಪಥ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ 80 ಕಿ.ಮೀ. ಮಿತಿ ಇದೆಯೆಂದರೆ ಅದು ಒಳ್ಳೆಯ ದಿನದ ಮಿತಿ, ಆಷಾಢದ ಮಧ್ಯಾಹ್ನದ್ದಲ್ಲ.

ಕೈಯ ವಿಷಯ ಹೀಗೆ. ಗಾಳಿ ದೂಡಿದಾಗ ಸ್ಟೇರಿಂಗನ್ನು ಅದಕ್ಕೆ ಎದುರಾಗಿ ಎಳೆಯಬೇಡಿ. ಎರಡೂ ಕೈಯಲ್ಲಿ ಹಿಡಿದು, ಗಾಡಿ ನೇರವಾಗಿ ಉಳಿಯುವಷ್ಟು ಮಾತ್ರ ಒತ್ತಿ ನಿಲ್ಲಿ, ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿ. ಎರಡು ಅಡಿ ಪಕ್ಕಕ್ಕೆ ಸರಿದದ್ದನ್ನು ಆ ಕ್ಷಣವೇ ವಾಪಸು ಪಡೆಯಬೇಕೆಂಬ ಹಟ ಬೇಡ. ನಿಮ್ಮ ಪಕ್ಕದ ಲೇನು ಖಾಲಿಯಿದ್ದರೆ ಆ ಎರಡು ಅಡಿಯನ್ನು ಗಾಳಿಗೆ ಬಿಟ್ಟುಕೊಡಿ, ಐವತ್ತು ಮೀಟರ್ ಹೋಗುವುದರಲ್ಲಿ ಮೆಲ್ಲನೆ ತಿರುಗಿ ಪಡೆದುಕೊಳ್ಳಿ. ಹೀಗೆ ಬಿಟ್ಟುಕೊಡಲು ಜಾಗ ಇರಬೇಕಾದ್ದರಿಂದಲೇ ಗಾಳಿಯ ದಿನ ಎಡ ಲೇನಿನಲ್ಲಿರಬೇಕು, ಇನ್ನೊಂದು ಲಾರಿಯ ಪಕ್ಕಕ್ಕೆ ಜೋಡಿಯಾಗಿ ಓಡಬಾರದು ಎನ್ನುವುದು. ಗಾಳಿ ಹೊಡೆಯುವ ಕ್ಷಣದಷ್ಟೇ ಅದು ನಿಲ್ಲುವ ಕ್ಷಣವೂ ಕೆಟ್ಟದ್ದು: ನೀವು ಎಡಕ್ಕೆ ಒತ್ತಿ ಹಿಡಿದಿರುವಾಗ ಗಾಳಿ ಫಕ್ಕನೆ ನಿಂತರೆ ಗಾಡಿ ಎಡಕ್ಕೆ ಜಿಗಿಯುತ್ತದೆ. ಗಟ್ಟಿಯಾಗಿ ಬ್ರೇಕ್ ಒತ್ತುವುದಂತೂ ಬೇಡವೇ ಬೇಡ, ಭಾರ ಕಳೆದುಕೊಂಡ ಗಾಲಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ.

ಒಂದೇ ಸಮನೆ ಬೀಸುವ ಗಾಳಿಗೆ ಕೈ ಹತ್ತು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಅಪಾಯವಿರುವುದು ಮರೆಯಿಂದ ಬಯಲಿಗೆ ಬರುವ ಜಾಗಗಳಲ್ಲಿ. ಗುಡ್ಡ ಕಡಿದು ಮಾಡಿದ ದಾರಿ ಮುಗಿಯುವಲ್ಲಿ, ಊರು ಮುಗಿದು ಹೊಲ ಶುರುವಾಗುವಲ್ಲಿ, ಹೊಳೆಯ ಸೇತುವೆಯ ಮೇಲೆ, ಮಣ್ಣು ಏರಿಸಿ ಕಟ್ಟಿದ ಮೇಲ್ಸೇತುವೆಯ ನೆತ್ತಿಯಲ್ಲಿ ಗಾಳಿ ಒಮ್ಮೆಲೇ ಎದುರಾಗುತ್ತದೆ. ನಿಮ್ಮ ಗಾಡಿ ಸರಿದದ್ದೂ ಮೇಲ್ಸೇತುವೆ ಏರುವಾಗಲೇ ಅಲ್ಲವೇ? ಇನ್ನೊಂದು ಜಾಗ ನೀವೇ ಸೃಷ್ಟಿಸಿಕೊಳ್ಳುವಂಥದ್ದು: ಗಾಳಿಬದಿಯಲ್ಲಿ ಹೋಗುತ್ತಿರುವ ಬಸ್ಸನ್ನೋ ಲಾರಿಯನ್ನೋ ಹಿಂದೆ ಹಾಕುವಾಗ ಕೆಲವು ಸೆಕೆಂಡು ಅದರ ಮರೆಯಲ್ಲಿ ಗಾಳಿ ಇರುವುದೇ ಇಲ್ಲ, ಅದರ ಮೂತಿ ದಾಟುತ್ತಿದ್ದಂತೆ ಕಪಾಳಕ್ಕೆ ಹೊಡೆದಂತೆ ಬರುತ್ತದೆ. ಪುಣೆಯ ದಿಕ್ಕಿಗೆ ಹೋಗುವಾಗ ಎಡಲೇನಿನವರನ್ನು ಬಲದಿಂದ ಹಿಂದೆ ಹಾಕುತ್ತೀರಿ, ಗಾಳಿಯೂ ಎಡದಿಂದಲೇ. ಆದ್ದರಿಂದ ಆ ದಾರಿಯಲ್ಲಿ ನಿಮ್ಮ ಒಂದೊಂದು ಓವರ್‌ಟೇಕೂ ಇಂಥ ಹೊಡೆತವೇ. ಗಾಳಿಯ ದಿನ ಯಾರನ್ನೂ ಹಿಂದೆ ಹಾಕದಿದ್ದರೆ ದಾವಣಗೆರೆಗೆ ಅರ್ಧ ಗಂಟೆ ತಡವಾದೀತು, ಅಷ್ಟೆ.

ಗಾಳಿಯನ್ನು ಅಳೆಯುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗಾಳಿಯಂತ್ರ ತಿರುಗುವುದನ್ನು ನೋಡಿ ಗಾಳಿಯ ಜೋರನ್ನು ಅಂದಾಜು ಮಾಡಬೇಡಿ. ಅದರ ರೆಕ್ಕೆಗಳು ಒಂದು ಮಿತಿ ಮುಟ್ಟಿದ ಮೇಲೆ ಗಾಳಿ ಎಷ್ಟೇ ಹೆಚ್ಚಿದರೂ ಅದೇ ವೇಗದಲ್ಲಿ ತಿರುಗುವಂತೆ ಕಟ್ಟಿರುತ್ತಾರೆ. ಗಂಟೆಗೆ 90 ಕಿ.ಮೀ. ಹತ್ತಿರ ಹೋದರೆ ತನ್ನನ್ನು ತಾನು ಉಳಿಸಿಕೊಳ್ಳಲು ನಿಂತೇಬಿಡುತ್ತದೆ. ಅದರಿಂದ ತಿಳಿಯುವುದು ದಿಕ್ಕು ಮಾತ್ರ: ರೆಕ್ಕೆಗಳು ಯಾವ ಕಡೆಗೆ ಮುಖ ಮಾಡಿವೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ಜೋರನ್ನು ಹೇಳುವುದು ಮುಂದಿನ ಲಾರಿ. ಅದರ ಹಿಂಭಾಗ ಲೇನಿನೊಳಗೆ ಅತ್ತಿತ್ತ ಓಲಾಡುತ್ತಿದ್ದರೆ ನಿಮ್ಮದೂ ಓಲಾಡುತ್ತಿದೆ ಎಂದೇ ಅರ್ಥ. ಟೋಲ್ ಗೇಟಿನಲ್ಲೋ ಡಾಬಾದ ಮುಂದೋ ನಿಂತಾಗ ದೃಷ್ಟಿಯಾಗದಿರಲಿ ಎಂದು ಕನ್ನಡಿಗೆ ಕಟ್ಟಿರುತ್ತೀರಲ್ಲ, ಆ ಕಪ್ಪು ಕುಚ್ಚನ್ನು ನೋಡಿ. ಗಾಡಿ ನಿಂತಿರುವಾಗಲೂ ಅದು ಕೆಳಗೆ ಬೀಳದೆ ಅಡ್ಡಡ್ಡ ಹಾರುತ್ತಲೇ ಇದ್ದರೆ ಚಹಾ ಇನ್ನೊಂದು ಕುಡಿಯಬಹುದು. ದೃಷ್ಟಿ ತೆಗೆಯುವ ಕೆಲಸವನ್ನು ಅದು ನಿಜವಾಗಿ ಮಾಡುವುದು ಆಗಲೇ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ದಾರಿಯ ಜಿಲ್ಲೆಗಳನ್ನು ನೋಡಿಕೊಳ್ಳಿ, ಕುಶಾಲನಗರದ್ದನ್ನಲ್ಲ. ಸರಾಸರಿ 40 ಎಂದು ಇದ್ದರೆ ನಡುನಡುವಿನ ಹೊಡೆತ 60 ಮುಟ್ಟಬಹುದು. ಖಾಲಿ 32 ಅಡಿ ಗಾಡಿಗೆ ನನ್ನ ಅಳತೆ ಇದು: ಹೊಡೆತ 50ರ ಹತ್ತಿರವಿದ್ದರೆ ಗಾಡಿಯ ವೇಗ 50 ದಾಟಬಾರದು, ಹೊಡೆತ 60 ದಾಟಿದರೆ ಗಾಡಿ ನಿಲ್ಲಬೇಕು. ಇದು ಕಾನೂನಲ್ಲ, ಗಾಲಿಯ ಭಾರದ ಲೆಕ್ಕದಿಂದಲೂ ಅನುಭವದಿಂದಲೂ ನಾನು ಹಾಕಿಕೊಂಡ ಗೆರೆ. ಮಾರ್ಚ್‌ನಿಂದ ಮೇವರೆಗಿನ ಗುಡುಗುಮಳೆಯ ಗಾಳಿಗೆ ಈ ಲೆಕ್ಕವೂ ಸಾಲದು. ಅದು ಮಳೆಗಿಂತ ಮುಂಚೆ, ಯಾವ ದಿಕ್ಕಿನಿಂದ ಬೇಕಾದರೂ ಬರುತ್ತದೆ. ಮುಂದೆ ಕೆಂಧೂಳಿನ ಗೋಡೆ ಎದ್ದದ್ದು ಕಂಡರೆ ಅದರೊಳಗೆ ನುಗ್ಗಬಾರದು. ಇಂಥ ಗಾಳಿ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಹಾದುಹೋಗುತ್ತದೆ.

ಹಿಂಬಾಗಿಲು ತೆರೆದಿಡುವ ಮಾತಿಗೆ ಬಂದರೆ, ಅದು ಬೇರೆ ಗಾಡಿಯ ಮದ್ದನ್ನು ನಿಮ್ಮ ಗಾಡಿಗೆ ಹಚ್ಚಿದಂತೆ. ಬ್ರಿಟನ್ನಿನಂಥ ದೇಶಗಳಲ್ಲಿ ಪಕ್ಕಗಳಿಗೆ ಪರದೆ ಇರುವ ಲಾರಿಗಳು ಹೆಚ್ಚು. ಅವು ಖಾಲಿಯಿದ್ದಾಗ ಎರಡೂ ಬದಿಯ ಪರದೆ ಸರಿಸಿ ಕಟ್ಟಿದರೆ ಗಾಳಿ ಅಡ್ಡಲಾಗಿ ಹಾದುಹೋಗುತ್ತದೆ. ನಿಮ್ಮ ಕಂಟೇನರಿನ ಪಕ್ಕಗಳು ತಗಡಿನ ಗೋಡೆ. ಹಿಂದಿನ ಬಾಗಿಲು ತೆರೆದರೂ ಆ ಗೋಡೆ ಹಾಗೆಯೇ ನಿಂತಿರುತ್ತದೆ, ನೂಕು ಒಂದು ಕಿಲೋ ಕೂಡ ತಗ್ಗುವುದಿಲ್ಲ. ಬಾಗಿಲು ಕಿತ್ತು ಹಿಂದಿನವನ ಗಾಜಿಗೆ ಬೀಳುವುದಷ್ಟೇ ಲಾಭ. ಕಮಾನು ಮತ್ತು ಟಾರ್ಪಾಲು ಇರುವ ತೆರೆದ ಬಾಡಿಯ ಲಾರಿಯಾದರೆ ಮಾತು ಬೇರೆ. ಖಾಲಿ ಬರುವಾಗ ಟಾರ್ಪಾಲು ಬಿಚ್ಚಿ ಮಡಿಸಿ ಒಳಗೆ ಹಾಕಿದರೆ ಗಾಳಿಗೆ ಒಡ್ಡುವ ಮೈ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಮರಳಿನ ಮೂಟೆ ಕೆಲಸ ಮಾಡುತ್ತದೆ, ಆದರೆ ಷರತ್ತುಗಳಿವೆ. ನಾಲ್ಕಾರು ಮೂಟೆ ಹಾಕಿ ಸಮಾಧಾನ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಒಂದೂವರೆ ಎರಡು ಟನ್ನಾದರೂ ಇರಬೇಕು, ನೆಲದ ಮೇಲೆ ಒಂದೇ ಪದರದಲ್ಲಿ ಹಿಂದಿನ ಆಕ್ಸಲಿಗೂ ಅದರ ಮುಂದಕ್ಕೂ ಹರಡಿರಬೇಕು, ಜಾರದಂತೆ ಕಟ್ಟಿರಬೇಕು. ಅಷ್ಟು ಮರಳು ಹೊರುವ ಬದಲು ಬಾಡಿಗೆ ಸ್ವಲ್ಪ ಕಡಿಮೆಯಾದರೂ ಸರಿಯೆಂದು ಒಂದೆರಡು ದಿನ ಕಾದು ರಿಟರ್ನ್ ಲೋಡು ಹಿಡಿಯುವುದು ಜಾಣತನ. ಜೂನ್‌ನಿಂದ ಆಗಸ್ಟ್‌ವರೆಗೆ ಪುಣೆ ಲೈನಿನಲ್ಲಿ ಖಾಲಿ ಓಡಿಸುವುದನ್ನೇ ತಪ್ಪಿಸುವಂತೆ ಲೋಡುಗಳನ್ನು ಹೊಂದಿಸಿಕೊಳ್ಳಿ ಎಂದು ನಿಮಗೆ ಹೇಳುವ ಧೈರ್ಯ ಮಾಡುತ್ತಿದ್ದೇನೆ, ಏಕೆಂದರೆ ಗಾಡಿ ನಿಮ್ಮದೇ. ಮಾಲೀಕರ ಗಾಡಿ ಓಡಿಸುವ ಹುಡುಗರಿಗೆ ಆ ಆಯ್ಕೆ ಇರುವುದಿಲ್ಲ, ಅವರ ಫೋನು ಅರ್ಧ ಗಂಟೆಗೊಮ್ಮೆ ‘ಎಲ್ಲಿದ್ದೀಯಾ’ ಎಂದು ಬಡಿದುಕೊಳ್ಳುತ್ತಿರುತ್ತದೆ.

ನಿಮ್ಮ ಭಾವಮೈದುನ ಹೇಳಿದ್ದು ನಿಜ. ಸ್ಕಾಟ್ಲೆಂಡಿನ ಫೋರ್ತ್ ರಸ್ತೆ ಸೇತುವೆಯಲ್ಲಿ ಗಾಳಿಯ ಹೊಡೆತ ಗಂಟೆಗೆ ಸುಮಾರು 80 ಕಿ.ಮೀ. ದಾಟಿದರೆ ಎತ್ತರದ ವಾಹನಗಳನ್ನು ಬಿಡುತ್ತಿರಲಿಲ್ಲ. 2017ರ ಜನವರಿಯಲ್ಲಿ ಅಂಥ ನಿರ್ಬಂಧವಿದ್ದಾಗಲೇ ನುಗ್ಗಿದ ಲಾರಿಯೊಂದು ಮಗುಚಿ ಆ ಸೇತುವೆ ಸುಮಾರು 19 ಗಂಟೆ ಮುಚ್ಚಿತ್ತು. ಅದೇ ವರ್ಷ ಪಕ್ಕದಲ್ಲೇ ತೆರೆದ ಕ್ವೀನ್ಸ್‌ಫೆರಿ ಸೇತುವೆಗೆ ಎರಡೂ ಬದಿಗೆ ಗಾಳಿತಡೆ ಕಟ್ಟಿದ್ದಾರೆ. ನಮ್ಮಲ್ಲಿ ಈ ಬಗೆಯ ಎಚ್ಚರ ಇಲ್ಲವೇ ಇಲ್ಲ ಎನ್ನಲಾಗದು, ಅದು ರೈಲಿಗೆ ಸಿಕ್ಕಿದೆ, ಲಾರಿಗೆ ಸಿಕ್ಕಿಲ್ಲ. ರಾಮೇಶ್ವರಕ್ಕೆ ಹೋಗುವ 1914ರ ಹಳೆಯ ಪಾಂಬನ್ ಸೇತುವೆಯಲ್ಲಿ ಗಾಳಿ 58 ಕಿ.ಮೀ. ದಾಟಿದರೆ ರೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನಮ್ಮದೇ ಹೊನ್ನಾವರದ ಬಳಿ ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆಯಲ್ಲೂ ಗಾಳಿಮಾಪಕವಿದೆ. ಹೆದ್ದಾರಿಯ ಮೇಲೆ ಗಾಳಿ ಅಳೆದು ಲಾರಿ ತಡೆಯುವ ಪದ್ಧತಿ ನಮ್ಮಲ್ಲಿ ಬೆಳೆದಿಲ್ಲ. ಕೊಡಗಿನಲ್ಲಿ ಮಳೆಗಾಲಕ್ಕೆ ಜಿಲ್ಲಾಡಳಿತ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದೂ ರಸ್ತೆ ಕುಸಿದೀತೆಂದು, 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಆದ ಭೂಕುಸಿತವನ್ನು ಕಂಡ ಮೇಲೆ ಅದು ನ್ಯಾಯವೇ. ಗಾಳಿಯ ಲೆಕ್ಕ ಮಾತ್ರ ಸದ್ಯಕ್ಕೆ ಚಾಲಕನದ್ದೇ.

ನಿಲ್ಲಿಸುವುದೆಂದು ತೀರ್ಮಾನಿಸಿದರೆ ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಬಯಲಿನಲ್ಲಿ ಹೆದ್ದಾರಿಯ ಅಂಚಿನಲ್ಲಲ್ಲ, ಲಾರಿಗಳಿಗೆಂದು ಬಿಟ್ಟ ಜಾಗದಲ್ಲೋ ಪೆಟ್ರೋಲ್ ಬಂಕಿನಲ್ಲೋ ಗಾಳಿಗೆ ಮೂತಿ ಮಾಡಿ ನಿಲ್ಲಿಸಿ. ಫ್ಲೆಕ್ಸ್ ಹಾಕಿದ ದೊಡ್ಡ ಫಲಕದ ಕೆಳಗೆ ಬೇಡ. ಕೊಡಗಿಗೆ ಬಂದ ಮೇಲೆ ಮತ್ತೆ ಹಳೆಯ ಅಭ್ಯಾಸದಂತೆ ಮೇಲೆ ನೋಡಿ, ಮರದಡಿಯ ಮರೆ ಅಲ್ಲಿ ಮರೆಯಲ್ಲ. ಗಾಡಿ ಕೆಟ್ಟು ಹೆದ್ದಾರಿಯ ಮೇಲೇ ನಿಲ್ಲಬೇಕಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಕ್ಯಾಬಿನ್ನಿನಲ್ಲಿ ಕೂರದೆ ಇಳಿದು ಗಾಳಿ ಬರುವ ಬದಿಗೆ ದೂರ ಹೋಗಿ ನಿಲ್ಲಿ, ಗಾಡಿ ಬೀಳುವುದಾದರೆ ಆಚೆಗೆ ಬೀಳುತ್ತದೆ. ಮತ್ತೆ, ಗಾಳಿಯಿರುವಾಗ ಸರಕು ಇಳಿಸಬೇಕಾದರೆ ಮೊದಲು ಒಂದೇ ಬಾಗಿಲಿನ ಕೊಂಡಿ ತೆಗೆಯಿರಿ, ಅದರ ಸರಳನ್ನು ಕೈಬಿಡದೆ ಹಿಡಿದು ಬದಿಗೆ ಸರಿದು ನಿಂತು ತೆರೆಯಿರಿ, ತೆರೆದದ್ದನ್ನು ಬಾಡಿಯ ಕೊಕ್ಕೆಗೆ ಸಿಕ್ಕಿಸಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಿ. ಹುಣಸೂರಿನಲ್ಲಿ ಹಾಗೆ ತೆರೆದ ಬಾಗಿಲೊಂದು ಬೀಸಿ ಬಂದು ಒಬ್ಬ ಕ್ಲೀನರ್ ಹುಡುಗನ ಎರಡು ಬೆರಳು ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಗಾಡಿ ನಿಂತು ಆಗಲೇ ಕಾಲು ಗಂಟೆಯಾಗಿತ್ತು.